ನುಡಿಸಿದ ಮೇಲೆ ಒತ್ತುವ ಗುಂಡಿ

ಬೆರಳು ಆ ಕ್ಷಣದಲ್ಲಿ ಹುಟ್ಟಿಸಿದ ಸಂಗೀತವನ್ನು ಯಂತ್ರವೇ ಬರೆದಿಟ್ಟುಕೊಳ್ಳಲಿ ಎಂಬ ಆಸೆ ಧ್ವನಿಮುದ್ರಣಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಕ್ರೀಡ್ ಎಂಬ ಪಾದ್ರಿ ಇಂಥದೊಂದು ಯಂತ್ರವನ್ನು ಯೋಚಿಸಿದ್ದ. ಅವನು ತೀರಿಕೊಂಡ ಮೇಲೆ, 1747ರಲ್ಲಿ, ಆ ಯೋಜನೆ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂತು. ವಾದಕ ಒತ್ತಿದ ಕೀಲಿ ಸುತ್ತುವ ಉರುಳೆಯ ಮೇಲೆ ಗೆರೆ ಎಳೆಯಬೇಕು, ಗೆರೆಯ ಉದ್ದವೇ ಸ್ವರದ ಕಾಲ. ಮುಂದೆ ಬರ್ಲಿನ್ನಿನಲ್ಲಿ ಹೋಲ್‌ಫೆಲ್ಡ್ ಎಂಬಾತ ಇಂಥ ಯಂತ್ರವನ್ನು ಕಟ್ಟಿಯೂ ತೋರಿಸಿದ. ಇಂದಿನ ಮುದ್ರಣ ತಂತ್ರಾಂಶಗಳ ಪರದೆಯ ಮೇಲೆ ಸಾಲುಸಾಲಾಗಿ ಕಾಣುವ ಪಟ್ಟಿಗಳೂ ಹೆಚ್ಚುಕಡಿಮೆ ಇದೇ ಚಿತ್ರ. ಹೀಗೆ ಈ ಕ್ಷೇತ್ರ ಮೊದಲಿನಿಂದಲೂ ನಾದಕ್ಕಿಂತ ಕೀಲಿಯನ್ನೇ ಹೆಚ್ಚು ನಂಬಿಕೊಂಡು ಬಂದಿದೆ. ಎಳೆಯ ಸಂಗೀತಗಾರನ ಕಲ್ಪನೆಯನ್ನು ಉಳಿಸಿಕೊಳ್ಳುವ ಮಾತು ಬಂದಾಗ ಈ ನಂಬಿಕೆ ಸಾಲದು ಎನ್ನುವುದು ನನ್ನ ವಾದ. ಮೊದಲು ಉಳಿಯಬೇಕಾದದ್ದು ನಾದ. ಸ್ವರ ಯಾವುದು, ತಾಳ ಯಾವುದು ಎಂಬ ತೀರ್ಮಾನ ಆಮೇಲೆ ಬಂದರಾಯಿತು.

ನಾದವನ್ನು ಹಿಡಿಯುವ ದಾರಿ ತೆರೆದದ್ದು 1877ರಲ್ಲಿ, ಎಡಿಸನ್‌ನ ಫೋನೋಗ್ರಾಫಿನಿಂದ. ಆದರೆ ಆ ದಾರಿ ಬಹುಕಾಲ ಇಕ್ಕಟ್ಟಾಗಿತ್ತು. 1902ರಲ್ಲಿ ಧ್ವನಿಮುದ್ರಣ ತಜ್ಞ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರನ್ನು ಮುದ್ರಿಸಿದಾಗ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹರಿಯಬಲ್ಲ ಆಲಾಪ ಅಷ್ಟರೊಳಗೆ ಮುದುಡಬೇಕಾಗಿತ್ತು. ಮಕ್ಕಳ ಸಂಗೀತಕ್ಕಂತೂ ಮೇಣವನ್ನೋ ತಟ್ಟೆಯನ್ನೋ ಖರ್ಚು ಮಾಡುವವರು ಅಪರೂಪ. ಹಂಗೇರಿಯ ಮನಶ್ಶಾಸ್ತ್ರಜ್ಞ ಗೇಜ಼ಾ ರೇವೇಸ್, 1903ರಲ್ಲಿ ಹುಟ್ಟಿದ ಬಾಲ ಪಿಯಾನೋ ವಾದಕ ಎರ್ವಿನ್ ನ್ಯೀರೆಜ್‌ಹಾಜಿಯನ್ನು ಹಲವು ವರ್ಷ ಗಮನಿಸಿ 1916ರಲ್ಲಿ ಪುಸ್ತಕ ತಂದರು. ಎಳೆಯ ಪ್ರತಿಭೆಯೊಂದನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಕೃತಿಗಳು ಕಡಿಮೆ. ಅದೇ ನಾಡಿನಲ್ಲಿ ಸಂಗೀತ ರಚನಕಾರ ಬಾರ್ಟೋಕ್ ಆಗಲೇ ಮೇಣದ ಸಿಲಿಂಡರುಗಳಲ್ಲಿ ಹಳ್ಳಿಯ ಹಾಡುಗಳನ್ನು ತುಂಬಿಸುತ್ತಿದ್ದರು. ಆದರೂ ರೇವೇಸರ ಪುಟಗಳಲ್ಲಿ ಓದುಗನಿಗೆ ಸಿಗುವುದು ಸ್ವರಲಿಪಿ. ಬೆರಳು ಎಲ್ಲಿ ಅನುಮಾನಿಸಿತು, ಯಾವ ಸ್ವರದ ಮೇಲೆ ಬೇಕೆಂದೇ ನಿಂತಿತು ಎಂಬುದು ಲಿಪಿಗೆ ದಕ್ಕುವುದಿಲ್ಲ. ಮಗುವಿನ ಮನೋಧರ್ಮದ ಸುಳಿವು ಸಿಗುವುದು ಅಲ್ಲಿಯೇ.

1983ರಲ್ಲಿ ಬಂದ ಮಿಡಿ, ಅಂದರೆ ವಿದ್ಯುನ್ಮಾನ ವಾದ್ಯಗಳೂ ಗಣಕಗಳೂ ಮಾತಾಡಿಕೊಳ್ಳುವ ಸಂಕೇತಭಾಷೆ, ಕೀಲಿಯ ದಾರಿಯನ್ನು ಮತ್ತೆ ಹೆದ್ದಾರಿಯನ್ನಾಗಿ ಮಾಡಿತು. ಯಾವ ಸ್ವರ, ಎಷ್ಟು ಬಲ, ಯಾವಾಗ ಬಿಟ್ಟದ್ದು, ಎಲ್ಲವೂ ಅಂಕಿ. 128 ಸ್ವರಸ್ಥಾನಗಳು ಪಿಯಾನೋ ಕಲಿಯುವ ಹುಡುಗಿಗೆ ಧಾರಾಳ ಸಾಕು. ತಪ್ಪಿದ ಸ್ವರವನ್ನು ಸರಿಸಬಹುದು, ವಾದ್ಯವನ್ನೇ ಬದಲಿಸಬಹುದು. ಅದೇ ವ್ಯವಸ್ಥೆಗೆ ತೋಡಿ ರಾಗದ ಗಾಂಧಾರವನ್ನು ಒಪ್ಪಿಸಿ ನೋಡಿ. ಓಲಾಡುತ್ತಲೇ ಗಾಂಧಾರವೆನಿಸಿಕೊಳ್ಳುವ ಆ ಸ್ವರವನ್ನು ಅದು ಒಂದು ಮನೆಯಲ್ಲಿ ಕೂರಿಸುತ್ತದೆ, ಇಲ್ಲವೇ ಚೂರುಚೂರು ಮಾಡುತ್ತದೆ. ಸ್ವರವನ್ನು ಬಾಗಿಸುವ ಸೌಲಭ್ಯ ಮಿಡಿಯಲ್ಲಿ ಮೊದಲಿನಿಂದಲೂ ಇದೆ, 2018ರಲ್ಲಿ ಒಪ್ಪಿಗೆ ಪಡೆದ ಎಂಪಿಇ ಎಂಬ ಅದರ ವಿಸ್ತರಣೆ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸುತ್ತದೆ ಎಂದು ಹೇಳಬಹುದು. ನಿಜ. ಆದರೆ ಅಂಥ ಸಂಕೇತ ಕಳಿಸುವ ವಾದ್ಯ ಕೈಯಲ್ಲಿರಬೇಕು. ಕೊರಳಿಗೂ ವೀಣೆಗೂ ಮಿಡಿಯ ತಂತಿ ಸಿಕ್ಕಿಸಲು ಜಾಗವಿಲ್ಲ.

ಇಷ್ಟಾದರೂ, ಈ ಇತಿಹಾಸದ ಅತ್ಯಂತ ದೊಡ್ಡ ಹೆಜ್ಜೆಯೆಂದು ನನಗೆ ತೋರುವುದು ನಿಖರತೆಗೆ ಸಂಬಂಧಿಸಿದ್ದಲ್ಲ. 2018ರ ಆಬ್ಲ್‌ಟನ್ ಲೈವ್ 10 ಎಂಬ ಮುದ್ರಣ ತಂತ್ರಾಂಶದಲ್ಲಿ 'ಕ್ಯಾಪ್ಚರ್' ಎಂಬ ಗುಂಡಿ ಬಂತು. ಲಾಜಿಕ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಅಂಥದ್ದು ಮೊದಲೇ ಇತ್ತು. ಮುದ್ರಣ ಶುರುಮಾಡದೆ ಸುಮ್ಮನೆ ನುಡಿಸಿದ್ದನ್ನೂ ತಂತ್ರಾಂಶ ನೆನಪಿಟ್ಟಿರುತ್ತದೆ, ಚೆನ್ನಾಗಿತ್ತು ಅನ್ನಿಸಿದರೆ ಆಮೇಲೆ ಗುಂಡಿ ಒತ್ತಿದರಾಯಿತು. ಕೆಂಪು ದೀಪ ಕಂಡೊಡನೆ ಮಕ್ಕಳು ಸೆಟೆದುಕೊಳ್ಳುತ್ತಾರೆ, ಮುದ್ರಣವೇ ಕಲ್ಪನೆಯನ್ನು ಕೊಲ್ಲುತ್ತದೆ ಎಂಬ ಹಳೆಯ ಆಕ್ಷೇಪಕ್ಕೆ ಇದು ಬಹುಮಟ್ಟಿಗೆ ಉತ್ತರ. ಲೈವ್‌ನ ಆ ಗುಂಡಿ ಹಿಡಿಯುತ್ತಿದ್ದುದು ಮಿಡಿಯನ್ನು, ನಾದವನ್ನಲ್ಲ ಎಂಬುದೊಂದು ಕೊರತೆ. ಇನ್ನೊಂದು ಆಕ್ಷೇಪ ಗುರುಗಳದು: ಸ್ಥಳದಲ್ಲೇ ಹೊಸೆದ ತನ್ನ ಕಲ್ಪನಾಸ್ವರವನ್ನು ತಾನೇ ಕೇಳಿ ಕೇಳಿ ಮಗು ಅದನ್ನೇ ಉರುಹೊಡೆದರೆ ಮನೋಧರ್ಮ ಎಲ್ಲಿ ಉಳಿಯಿತು? ಅಪಾಯ ಸುಳ್ಳಲ್ಲ. ಆದರೆ ಕಲ್ಪನಾಸ್ವರವನ್ನು ನೋಟುಪುಸ್ತಕದಲ್ಲಿ ಬರೆಸಿ ಬಾಯಿಪಾಠ ಮಾಡಿಸುವುದು ನಮ್ಮ ಪಾಠಗಳಿಗೆ ಹೊಸದೇನಲ್ಲ. ಆ ಚಾಳಿಯ ಹೊಣೆಯನ್ನು ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುದ್ರಿಕೆಯಲ್ಲಾದರೂ ಮಗು ಎಡವಿದ್ದು ಕೇಳುತ್ತದೆ, ಪುಸ್ತಕದಲ್ಲಿ ಅದೂ ಇಲ್ಲ.

ನಾದದಿಂದ ಸ್ವರ ಹೆಕ್ಕುವ ಕೆಲಸ ಈಗ ಯಂತ್ರಕಲಿಕೆಯ ಪಾಲಾಗಿದೆ. ಗೂಗಲ್‌ನ ಮಜೆಂಟಾ ತಂಡದ ಪಿಯಾನೋ ಲಿಪೀಕರಣಕ್ಕೆ ಬೆನ್ನೆಲುಬಾದ ಮೇಸ್ಟ್ರೋ ಸಂಗ್ರಹದಲ್ಲಿ ಸುಮಾರು 200 ಗಂಟೆಗಳ ನುಡಿಸಾಣಿಕೆಯಿದೆ. ಆದರೆ ಅದೆಲ್ಲ ಪಿಯಾನೋ ಸ್ಪರ್ಧೆಯೊಂದರಲ್ಲಿ ನುಡಿಸಿದ, ಮೊದಲೇ ಬರೆದಿಟ್ಟ ಶಾಸ್ತ್ರೀಯ ಕೃತಿಗಳು. ಬರೆದದ್ದನ್ನು ಕೇಳಿ ಪಳಗಿದ ಕಿವಿ ಬರೆಯದ್ದನ್ನೂ ತನ್ನ ಅಳತೆಗೆ ಒಗ್ಗಿಸಿಕೊಳ್ಳಬಹುದೆಂಬ ಅನುಮಾನ ಸಹಜ. 2022ರಲ್ಲಿ ಸ್ಪಾಟಿಫೈ ಬಿಟ್ಟ ಬೇಸಿಕ್ ಪಿಚ್ ಎಂಬ ಲಿಪೀಕರಣ ಸಾಧನ ಸ್ವರದ ಬಾಗುವಿಕೆಯನ್ನೂ ಗುರುತಿಸಲು ನೋಡುತ್ತದೆ. ಬಾರ್ಸಿಲೋನಾದಲ್ಲಿ ಜ಼ೇವಿಯರ್ ಸೆರಾ ನಡೆಸಿದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಸಂಗೀತವನ್ನು ಅದರದೇ ಶ್ರುತಿ, ರಾಗ, ತಾಳಗಳ ಲೆಕ್ಕದಲ್ಲಿ ವಿಶ್ಲೇಷಿಸಲು ಹೊರಟಿತು. ದಾರಿ ಇದೇ ಎಂದು ನನ್ನ ಎಣಿಕೆ. ಇನ್ನು 2016ರಲ್ಲಿ ಆಪಲ್ ತಂದ ಮ್ಯೂಸಿಕ್ ಮೆಮೋಸ್ ಎಂಬ ಆ್ಯಪ್ ಹಾಡಿದ್ದಕ್ಕೂ ಮೀಟಿದ್ದಕ್ಕೂ ಲಯ, ಕಾರ್ಡುಗಳನ್ನು ತಾನೇ ಊಹಿಸಿ ತಬಲೆಗೆ ಬದಲು ಡ್ರಮ್ಸ್ ಬಾರಿಸುತ್ತಿತ್ತು! 2021ರಲ್ಲಿ ಅದನ್ನು ಕೈಬಿಟ್ಟಾಗ ಬಳಕೆದಾರರಿಗೆ ಕಂಪನಿ ತೋರಿಸಿದ್ದು ಏನನ್ನೂ ಊಹಿಸದ ಸಾದಾ ವಾಯ್ಸ್ ಮೆಮೋಸನ್ನು.

ಎಲ್ಲವನ್ನೂ ಮುದ್ರಿಸುತ್ತ ಹೋದರೆ ಕೇಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆಯುವ ಕೆಲಸ ಮಗುವಿನದೇ ಆದರೆ ರಾಶಿ ತಾನಾಗಿ ಕರಗೀತು. ಆದರೆ ರಾಶಿಗೆ ಹೆದರಿ ನಾದವನ್ನು ಅಳಿಸಿ ಲಿಪಿಯನ್ನಷ್ಟೇ ಇಟ್ಟುಕೊಳ್ಳುವುದು ತಿದ್ದಲಾಗದ ನಷ್ಟ: ಇಂದಿನ ತಂತ್ರಾಂಶ ತಪ್ಪಾಗಿ ಓದಿದ ಗಮಕವನ್ನು ಹತ್ತು ವರ್ಷದ ನಂತರದ ತಂತ್ರಾಂಶ ಸರಿಯಾಗಿ ಓದಬೇಕಾದರೆ ಅದಕ್ಕೆ ಮೂಲ ಧ್ವನಿಯೇ ಬೇಕು.