ಕಡಲ್ಗಳ್ಳ ಅಂದರೆ ಯಾರು?

ಪುಣೆಗೆ ಸಮುದ್ರವಿಲ್ಲ. ಆದರೂ ಇಲ್ಲಿ ಬಂದು ನೆಲೆಸಿದ ಕನ್ನಡಿಗರ ಕಿವಿಗೆ ಇವತ್ತಲ್ಲ ನಾಳೆ ಕಾನ್ಹೋಜಿ ಆಂಗ್ರೆಯ ಹೆಸರು ಬಿದ್ದೇ ಬೀಳುತ್ತದೆ. ಇಂಗ್ಲಿಷರ ಕಡತಗಳಲ್ಲಿ ಈತ ಕಡಲ್ಗಳ್ಳ. ಮರಾಠಿಗರಿಗೆ ಸರ್ಖೇಲ್, ಅಂದರೆ ನೌಕಾಪಡೆಯ ದಂಡನಾಯಕ.

ಈತ ಮಾಡಿದ್ದಾದರೂ ಏನು? ಕೊಂಕಣದ ಕರಾವಳಿಯಲ್ಲಿ ಓಡಾಡುವ ವ್ಯಾಪಾರಿ ಹಡಗುಗಳು ತನ್ನಿಂದ ರಹದಾರಿ ಪತ್ರ ಪಡೆಯಬೇಕು ಅಂದ; ಪಡೆಯದವರನ್ನು ಹಿಡಿದ. ಪೋರ್ಚುಗೀಸರು ಅದಾಗಲೇ ಸುಮಾರು ಇನ್ನೂರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದರು. ಅವರು ಮಾಡಿದರೆ ಕಾನೂನು, ಈತ ಮಾಡಿದರೆ ದರೋಡೆ! 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟಾಗಿ ಅಲಿಬಾಗಿನ ಕೊಲಾಬಾ ಕೋಟೆಯ ಮೇಲೆ ಬಿದ್ದರು. ಕೋಟೆ ದಕ್ಕಲಿಲ್ಲ.

ಅತ್ತ ಕೆರಿಬಿಯನ್ ಕಡಲಿನ ಕಥೆ ನೋಡಿ. ಸ್ಪೇನಿನವರ ಊರುಗಳನ್ನು ಸೂರೆಮಾಡಿ, 1671ರಲ್ಲಿ ಪನಾಮಾ ನಗರವನ್ನೇ ದೋಚಿದ ಹೆನ್ರಿ ಮೋರ್ಗನ್‌ಗೆ ಇದೇ ಇಂಗ್ಲಿಷರು 1674ರಲ್ಲಿ 'ಸರ್' ಪದವಿ ಕೊಟ್ಟು, ಜಮೈಕಾದ ಉಪ ಗವರ್ನರ್ ಮಾಡಿದರು.

ಕಾನ್ಹೋಜಿ 1729ರಲ್ಲಿ ತೀರಿಕೊಂಡ. ಆಂಗ್ರೆಗಳನ್ನು ಮುರಿಯಲು ಇಂಗ್ಲಿಷರಿಗೆ ಕೊನೆಗೆ ನೆರವಾದದ್ದು ಪುಣೆಯೇ. ಕಾನ್ಹೋಜಿಯ ಮಗ ತುಳಾಜಿ ಪೇಶ್ವೆ ನಾನಾಸಾಹೇಬನ ಮಾತಿಗೆ ಬಗ್ಗಲಿಲ್ಲ. ಪೇಶ್ವೆ ಇಂಗ್ಲಿಷರ ಜೊತೆ ಕೈಜೋಡಿಸಿದ. 1755ರಲ್ಲಿ ಸುವರ್ಣದುರ್ಗ ಬಿತ್ತು. 1756ರ ಫೆಬ್ರವರಿಯಲ್ಲಿ ವಾಟ್ಸನ್ ಮತ್ತು ಕ್ಲೈವ್ ವಿಜಯದುರ್ಗ ಹಿಡಿದರು. ತುಳಾಜಿಯ ಹಡಗುಗಳೆಲ್ಲ ಸುಟ್ಟು ಬೂದಿಯಾದವು. ಆತ ಉಳಿದ ಆಯುಷ್ಯವನ್ನು ಸೆರೆಯಲ್ಲೇ ಕಳೆದ. ಮರುವರ್ಷ ಅದೇ ಕ್ಲೈವ್ ಪ್ಲಾಸಿಯಲ್ಲಿ ಗೆದ್ದ. ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದರೆ ಆಗೋದೇ ಹೀಗೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯದನ್ನೂ ಹೇಳಲೇಬೇಕು. 1665ರ ಫೆಬ್ರವರಿಯಲ್ಲಿ ಶಿವಾಜಿ ತಾನೇ ಹಡಗೇರಿ ಕೆಳದಿ ಅರಸರ ಬಂದರು ಬಸ್ರೂರಿಗೆ ಬಂದ. ಅವನ ದಂಡು ಊರನ್ನು ದೋಚಿತು. ಪುಣೆಯಲ್ಲಿ ಅದು ಸಾಹಸದ ನೌಕಾಯಾನ. ಕುಂದಾಪುರದ ಕಡೆಯವರಿಗೆ ಕೊಳ್ಳೆ.

ಸ್ವತಂತ್ರ ಭಾರತ 1951ರಲ್ಲಿ ಮುಂಬಯಿಯ ನೌಕಾನೆಲೆಗೆ ಆಂಗ್ರೆಯ ಹೆಸರಿಟ್ಟು ಹಳೆಯ ಕಳಂಕ ತೊಳೆಯಿತು. ಅದು ಸರಿಯೇ. ಆಂಗ್ರೆಯನ್ನು ಕಳ್ಳ ಅನ್ನಬೇಡಿ ಅಂತ ಮರಾಠಿ ಗೆಳೆಯರು ಹೇಳಿದಾಗ ನಾವೂ ದನಿಗೂಡಿಸುತ್ತೇವೆ. ಆದರೆ ಎರಡು ಭಾಷೆಗಳ ನಡುವೆ ಬಾಳುವವರಿಗೆ ಇನ್ನೊಂದು ಕೆಲಸವೂ ಇದೆ: ಅದೇ ಗೆಳೆಯರಿಗೆ, ಬೇಜಾರು ಮಾಡಿಸದೆ, ಬಸ್ರೂರಿನ ವರ್ತಕರು ಕಳೆದುಕೊಂಡದ್ದನ್ನೂ ತಿಳಿಸಬೇಕು.