ಐ.ಟಿ. ವೃತ್ತಿಪರರಿಂದ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ

ಕುಟುಂಬದಲ್ಲಿ ಮೊದಲ ಬಾರಿಗೆ ಉನ್ನತ ಶಿಕ್ಷಣ ಪಡೆಯುತ್ತಿರುವ ಅನೇಕ ವಿದ್ಯಾರ್ಥಿಗಳಿಗೆ ಉದ್ಯೋಗದ ಬಗ್ಗೆ ತಿಳಿಹೇಳುವವರು ಮನೆಯಲ್ಲಿ ಇರುವುದಿಲ್ಲ. ಅಂಕಗಳಿದ್ದರೂ ಸಂದರ್ಶನದಲ್ಲಿ ಹಿಂದೆ ಬೀಳಲು ಇದೂ ಒಂದು ಕಾರಣ. ಈ ಕೊರತೆಯನ್ನು ನೀಗಿಸಲು ಮಾಹಿತಿ ತಂತ್ರಜ್ಞಾನ ಕ್ಷೇತ್ರದ ವೃತ್ತಿಪರರು ಸ್ವಯಂಸೇವಕರಾಗಿ ಮಾರ್ಗದರ್ಶನ ನೀಡುತ್ತಾರೆ.

ಉದಾಹರಣೆಗೆ, 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಫೌಂಡೇಶನ್ ಫಾರ್ ಎಕ್ಸಲೆನ್ಸ್ ಸಂಸ್ಥೆಯ ಭಾರತೀಯ ಟ್ರಸ್ಟ್ ಬೆಂಗಳೂರಿನಲ್ಲಿದ್ದು, ಇಂಜಿನಿಯರಿಂಗ್, ವೈದ್ಯಕೀಯ ಮುಂತಾದ ವೃತ್ತಿಶಿಕ್ಷಣ ಪಡೆಯುವ ಪ್ರತಿಭಾವಂತ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನದೊಂದಿಗೆ ಮಾರ್ಗದರ್ಶನವನ್ನೂ ಒದಗಿಸುತ್ತದೆ.

ಮಾರ್ಗದರ್ಶಕರ ನೆರವು: ಸ್ವವಿವರ ಸಿದ್ಧತೆ, ಸಂದರ್ಶನದ ಅಭ್ಯಾಸ, ಇಂಗ್ಲಿಷ್ ಸಂಭಾಷಣೆ, ವೃತ್ತಿಯ ಆಯ್ಕೆ.

ಸೂಚನೆ: ಮಾರ್ಗದರ್ಶನವು ಉದ್ಯೋಗದ ಭರವಸೆಯಲ್ಲ. ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನ ಬಯಸುವವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು.