ಯಾಕೂತಿಯದ ಹೆಪ್ಪುನೆಲವೂ ಅದರ ನಕ್ಷೆಗಳೂ

ಸೈಬೀರಿಯದ ಈಶಾನ್ಯಭಾಗದಲ್ಲಿ, ಲೇನಾ ನದಿಯ ದಡದ ಮೇಲಿರುವ ಯಾಕೂತ್ಸ್ಕ್ ಪಟ್ಟಣದ ಸುತ್ತಣ ಸೀಮೆಯನ್ನು ವರ್ಗೀಕರಿಸಿ ನಕ್ಷೆಗಿಳಿಸುವ ಪ್ರಯತ್ನವು ಸುಮಾರು ಎರಡು ಶತಮಾನಗಳಿಂದ ನಡೆದುಬಂದಿದೆ. ಈ ವಿಷಯವು ಭೂಗೋಳಜ್ಞರಿಗೆ ಮಾತ್ರ ಸೇರಿದುದೆಂದು ವಾಚಕರಿಗೆ ತೋರಬಹುದು. ಆದರೆ ಒಂದು ನಾಡನ್ನು ಯಾವ ಲಕ್ಷಣವನ್ನು ಹಿಡಿದು, ಯಾರ ಮಾತಿನಿಂದ ವಿಂಗಡಿಸಬೇಕೆಂಬ ಪ್ರಶ್ನೆಯು ಅದರಲ್ಲಿ ಅಡಗಿರುವುದರಿಂದ, ಭಾಷಾಭ್ಯಾಸಿಗಳಿಗೂ ಅದು ಪರಿಶೀಲನಾರ್ಹವೆಂದು ನಮ್ಮ ಅಭಿಪ್ರಾಯ.

ಆ ಸೀಮೆಯಲ್ಲಿ ಬೇಸಗೆ ಬಂದಾಗ ನೆಲದ ಮೇಲುಪದರವು ಮಾತ್ರ, ಒಂದೆರಡು ಮೀಟರು ಆಳದವರೆಗೆ, ಕರಗುವುದು. ಅದರ ಕೆಳಗೆ ನೂರಾರು ಮೀಟರುಗಳವರೆಗೆ ಮಣ್ಣು ವರ್ಷಾನುವರ್ಷವೂ ಹೆಪ್ಪುಗಟ್ಟಿಯೇ ಇರುವುದು. ಇಂತಹ ನೆಲಕ್ಕೆ ವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎಂದು ಹೆಸರಿಟ್ಟಿದ್ದಾರೆ. ನಾವು ಹೆಪ್ಪುನೆಲವೆಂದು ಕರೆಯೋಣ.

ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಸಂಚರಿಸಿದ ಸಸ್ಯಶಾಸ್ತ್ರಜ್ಞ ಗ್ಮೆಲಿನನು ಈ ಸಂಗತಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ವರದಿಮಾಡಿದನು. ಯೂರೋಪಿನ ಪಂಡಿತರಲ್ಲಿ ಎಲ್ಲರೂ ಅದನ್ನು ನಂಬಲಿಲ್ಲ. ಪ್ರಸಿದ್ಧ ಭೂವಿಜ್ಞಾನಿ ಲಿಯೊಪೋಲ್ಡ್ ಫಾನ್ ಬುಖ್ 1825ರಲ್ಲಿ ಅದನ್ನು ಸ್ಪಷ್ಟವಾಗಿ ತಳ್ಳಿಹಾಕಿದನು. ಪೊದೆಗಳೂ ಮರಗಳೂ ಬೆಳೆಯುವ ಕಡೆಯಲ್ಲಿ ಬೇಸಗೆಯಲ್ಲಿಯೂ ಕೆಲವೇ ಅಡಿಗಳ ಕೆಳಗೆ ನೆಲ ಹೆಪ್ಪುಗಟ್ಟಿರುವುದು ಅಸಂಭವವೆಂಬುದು ಅವನ ತರ್ಕ. ಮೇಲೆ ಕಾಡಿದ್ದರೆ ಕೆಳಗೆ ಮಂಜುಗಡ್ಡೆ ಇರಲಾರದು. ಗ್ರಂಥಾಲಯದಲ್ಲಿ ಕುಳಿತವರಿಗೆ ಇದಕ್ಕಿಂತ ಸಮಂಜಸವಾದ ವಾದವು ಹೊಳೆಯುವುದು ಕಷ್ಟ.

ಉತ್ತರವು ಒಂದು ಬಾವಿಯಿಂದ ಬಂದಿತು. ರಷ್ಯನ್ ಅಮೆರಿಕನ್ ಕಂಪೆನಿಯ ನೌಕರನಾದ ಶೆರ್ಗಿನ್ ಎಂಬವನು 1828ರಲ್ಲಿ ಯಾಕೂತ್ಸ್ಕಿನಲ್ಲಿ ನೀರಿಗಾಗಿ ಬಾವಿಯನ್ನು ತೋಡತೊಡಗಿದನು. ಸುಮಾರು 116 ಮೀಟರು ಇಳಿದರೂ ನೀರು ಸಿಕ್ಕಲಿಲ್ಲ, ಹೆಪ್ಪು ಮುಗಿಯಲಿಲ್ಲ. ಬಾವಿಯಾಗಿ ಅದು ನಿಷ್ಫಲ. ಶಾಸ್ತ್ರಕ್ಕೆ ಅದು ನಿಧಿ. 1844ರಲ್ಲಿ ಮಿಡ್ಡೆನ್‌ಡಾರ್ಫನು ಅದರ ಗೋಡೆಗಳಲ್ಲಿ ಉಷ್ಣತೆಯನ್ನು ಅಳೆದು, ತಳದಲ್ಲಿಯೂ ಅದು ಸೊನ್ನೆಗಿಂತ ಕೆಳಗಿದೆಯೆಂದು ತೋರಿಸಿದನು. ಅವನನ್ನು ಪ್ರೇರಿಸಿದ ಕಾರ್ಲ್ ಎರ್ನ್‌ಸ್ಟ್ ಫಾನ್ ಬೇರ್ ಸೈಬೀರಿಯದ ನೆಲಮಂಜನ್ನು ಕುರಿತು 1843ರ ಹೊತ್ತಿಗೆ ಒಂದು ಗ್ರಂಥವನ್ನೇ ಸಿದ್ಧಪಡಿಸಿದ್ದನು. ಅದು ಅಚ್ಚಾದುದು 2001ರಲ್ಲಿ!

ಬೇರನು ಆ ಗ್ರಂಥದ ಹೆಸರಿನಲ್ಲಿ ನೆಲಮಂಜಿಗೆ 'ಅನಶ್ವರ' ಎಂಬರ್ಥದ ವಿಶೇಷಣವನ್ನು ಕೊಟ್ಟಿದ್ದಾನೆ. 1927ರಲ್ಲಿ ಸೋವಿಯತ್ ದೇಶದ ಹೆಪ್ಪುನೆಲವನ್ನು ಕುರಿತು ನಕ್ಷೆಸಹಿತವಾದ ಗ್ರಂಥವನ್ನು ಪ್ರಕಟಿಸಿದ ಸುಮ್‌ಗಿನನು 'ಶಾಶ್ವತ' ಎಂಬ ಶಬ್ದವನ್ನು ಬಳಸಿದನು. ಅನಂತರದ ರಷ್ಯನ್ ವಿದ್ವಾಂಸರು ಅದನ್ನು ಬಿಟ್ಟು 'ಬಹುವರ್ಷದ' ಎಂಬ ಮಾತನ್ನು ಹಿಡಿದರು. ಅನಶ್ವರವು ಶಾಶ್ವತವಾಗಿ, ಶಾಶ್ವತವು ಬಹುವಾರ್ಷಿಕವಾದ ಈ ಕ್ರಮವನ್ನು ಗಮನಿಸಬೇಕು. ಜ್ಞಾನವು ಬೆಳೆದಂತೆ ವಿಶೇಷಣದ ಧೈರ್ಯವು ಕುಗ್ಗಿದೆ.

ನಕ್ಷೆಗಳ ಕಥೆಯೂ ಇದಕ್ಕೆ ಸಮಾನವಾದುದೇ. 1882ರಲ್ಲಿ ವಿಲ್ಡ್ ಎಂಬ ಪವನಶಾಸ್ತ್ರಜ್ಞನು ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಯನ್ನು ಆಧಾರಮಾಡಿಕೊಂಡು ಹೆಪ್ಪುನೆಲದ ಎಲ್ಲೆಯನ್ನು ಒಂದೇ ಗೆರೆಯಾಗಿ ಎಳೆದನು. ಹಿಮದ ಹೊದಿಕೆಯ ದಪ್ಪವೂ ನೆಲದ ಗುಣವೂ ಲೆಕ್ಕಕ್ಕೆ ಬರಬೇಕೆಂಬ ಆಕ್ಷೇಪವು ಬೇಗನೆ ಎದ್ದಿತು. ಶತಮಾನದ ಕೊನೆಗೆ ದೊಕುಚಾಯೆವನು ಪ್ರಕೃತಿಯನ್ನು ಅಕ್ಷಾಂಶಾನುಸಾರವಾದ ವಲಯಗಳಾಗಿ ಕಂಡನು: ತುಂಡ್ರ, ಅದರ ದಕ್ಷಿಣಕ್ಕೆ ತೈಗ ಎಂಬ ಕಾಡು, ಅದರಿಂದಾಚೆಗೆ ಹುಲ್ಲುಗಾವಲು. ಈ ಸಿದ್ಧಾಂತವು ಅತ್ಯಂತ ಫಲವತ್ತಾದುದು. ಆದರೆ ಯಾಕೂತ್ಸ್ಕಿನ ಸುತ್ತ ಲಾರ್ಚ್ ಮರಗಳ ಕಾಡಿನ ನಡುನಡುವೆಯೇ ಉಪ್ಪುಮಣ್ಣಿನ ಹುಲ್ಲುಗಾವಲುಗಳೂ ಸರೋವರಗಳೂ ಚದರಿಕೊಂಡಿವೆ. ಕೆಲವು ಗಳಿಗೆಗಳ ನಡಿಗೆಯಲ್ಲಿ ಮೂರು ವಲಯಗಳು ಎದುರಾಗುವಲ್ಲಿ ವಲಯವೆಂಬ ಮಾತಿಗೆ ಏನರ್ಥ?

ಈ ತೊಡಕನ್ನು ಬಿಡಿಸಲು ವಿದ್ವಾಂಸರು ಆ ನಾಡಿನವರ ಮಾತನ್ನೇ ಆಶ್ರಯಿಸಬೇಕಾಯಿತು. ಅಲ್ಲಿಯ ಸಖಾ ಜನರು ತುರ್ಕಿ ವರ್ಗದ ಭಾಷೆಯನ್ನಾಡುವವರು. ಕುದುರೆ ದನಗಳನ್ನು ಸಾಕುವವರು. ಕಾಡಿನ ನಡುವೆ ನೆಲ ಕುಸಿದು ಉಂಟಾದ, ಹುಲ್ಲು ಬೆಳೆದ ತಗ್ಗಿಗೆ ಅವರು ಅಲಾಸ್ ಎನ್ನುವರು. ನೆಲದೊಳಗಿನ ಮಂಜುಗಡ್ಡೆಯು ಕರಗಿದಾಗ ಮೇಲಣ ಮಣ್ಣು ಇಳಿದು ಇದು ಹುಟ್ಟುತ್ತದೆ. ಮಂಜು ಕರಗಿ ನೆಲವು ಗುಬ್ಬಗುಬ್ಬವಾದ ಮೊದಲ ಅವಸ್ಥೆಗೆ ಬಿಲ್ಲಾರ್ ಎಂದು ಹೆಸರು. ನೀರು ತುಂಬಿಕೊಂಡ ಅವಸ್ಥೆಗೆ ಬೇರೆ ಹೆಸರು. ಸರೋವರವು ಬತ್ತಿದ ಮೇಲೆ ಹೆಪ್ಪು ಮರಳಿ ಬಂದು ಒಳಗಿನ ಮಂಜಿನಿಂದ ಮೇಲೆದ್ದ ದಿಬ್ಬಕ್ಕೆ ಬುಲ್ಗುನ್ನ್ಯಾಖ್ ಎಂದು ಇನ್ನೊಂದು. 1959ರಲ್ಲಿ ಸೊಲೊವ್ಯೋವನು ಈ ಪದಗಳನ್ನೇ ಕ್ರಮವಾಗಿ ಜೋಡಿಸಿ ಅಲಾಸಿನ ಉತ್ಪತ್ತಿಯ ಹಂತಗಳನ್ನು ವಿವರಿಸಿದನು. ವಲಯಸಿದ್ಧಾಂತವು ಸ್ಥಳವನ್ನು ವಿಂಗಡಿಸಿತು. ಈ ಪದಾವಳಿಯು ಕಾಲವನ್ನೂ ವಿಂಗಡಿಸುತ್ತದೆ. ದನಗಾಹಿಗಳ ಶಬ್ದಕೋಶದಲ್ಲಿ ಇಂತಹ ಶಾಸ್ತ್ರೀಯತೆ ಇದ್ದುದು ಆಶ್ಚರ್ಯವಲ್ಲ. ಹುಲ್ಲು ಎಲ್ಲಿ ಬರುವುದು, ಎಲ್ಲಿ ಹೋಗುವುದು ಎಂಬುದು ಅವರ ಬದುಕಿನ ಪ್ರಶ್ನೆ.

ಗಿಡ, ಮಣ್ಣು, ನೀರು, ಗಾಳಿ ಇವೆಲ್ಲವನ್ನೂ ಒಂದೇ ವ್ಯವಸ್ಥೆಯಾಗಿ ಕಾಣಬೇಕೆಂದು ಟಾನ್ಸ್ಲಿಯು 1935ರಲ್ಲಿಯೂ, ಬೇರೆ ಹೆಸರಿನಿಂದ ಸುಕಚೋವನು 1940ರ ದಶಕದಲ್ಲಿಯೂ ಪ್ರತಿಪಾದಿಸಿದರು. ಈ ದೃಷ್ಟಿಯಿಂದ ನೋಡಿದರೆ ಫಾನ್ ಬುಖನ ತರ್ಕವು ತಲೆಕೆಳಗಾಗುವುದು. ಯಾಕೂತ್ಸ್ಕಿನಲ್ಲಿ ವರ್ಷಕ್ಕೆ ಬೀಳುವ ಮಳೆಹಿಮಗಳ ಮೊತ್ತವು 250 ಮಿಲಿಮೀಟರಿಗೂ ಕಡಮೆ. ಇಷ್ಟರಲ್ಲಿ ಅನ್ಯತ್ರ ಒಣ ಹುಲ್ಲುಗಾವಲು ಮಾತ್ರ ಉಳಿದೀತು. ಕೆಳಗಣ ಹೆಪ್ಪು ನೀರನ್ನು ಇಂಗಗೊಡದೆ ಬೇರಿನ ಹತ್ತಿರ ಹಿಡಿದಿಡುವುದರಿಂದಲೇ ಕಾಡು ಬದುಕಿದೆ. ಕಾಡು ನೆರಳಿನಿಂದಲೂ ಪಾಚಿಯಿಂದಲೂ ಬೇಸಗೆಯ ಬಿಸಿಲನ್ನು ತಡೆಯುವುದರಿಂದ ಹೆಪ್ಪು ಉಳಿದಿದೆ. ಕಾಡು ಹೆಪ್ಪಿಲ್ಲವೆನ್ನುವುದಕ್ಕೆ ಸಾಕ್ಷಿಯಲ್ಲ, ಅದರ ಕಾವಲುಗಾರ. ಸೈಬೀರಿಯದ ಲಾರ್ಚ್ ಜಾತಿಯೊಂದರ ಶಾಸ್ತ್ರೀಯ ನಾಮದಲ್ಲಿ ಗ್ಮೆಲಿನನ ಹೆಸರು ನಿಂತಿರುವುದು ಉಚಿತವಾಗಿದೆ.

ಆದುದರಿಂದಲೇ ಯಾಕೂತ್ಸ್ಕಿನ ಹೆಪ್ಪುನೆಲ ಸಂಶೋಧನಾಲಯದ ವಿದ್ವಾಂಸರ ನಕ್ಷೆಗಳು ಸಸ್ಯವರ್ಗವನ್ನೂ, ನೆಲದ ರೂಪವನ್ನೂ, ಮಂಜಿನ ಪ್ರಮಾಣವನ್ನೂ ಒಟ್ಟಿಗೆ ಹಿಡಿಯುತ್ತವೆ. 1991ರ ನಕ್ಷೆಯು 25 ಲಕ್ಷಕ್ಕೆ ಒಂದರ ಪ್ರಮಾಣದ್ದು. 2018ರದು 15 ಲಕ್ಷಕ್ಕೆ ಒಂದರದು. ಇವುಗಳ ಪ್ರಯೋಜನವು ಪಾಂಡಿತ್ಯಕ್ಕೆ ಸೀಮಿತವಲ್ಲ. ಹೆಚ್ಚು ಮಂಜಿರುವ ನೆಲದ ಮೇಲಣ ಕಾಡನ್ನು ಕಡಿದರೆ, ಅಥವಾ ಅದು ಉರಿದುಹೋದರೆ, ನೆಲವು ಕುಸಿಯತೊಡಗುವುದು. ಮಂಜು ಕಡಮೆ ಇರುವ ಕಡೆ ಕಾಡು ಮತ್ತೆ ಬೆಳೆದೀತು. ಎರಡೂ ಮೇಲುನೋಟಕ್ಕೆ ಒಂದೇ ಲಾರ್ಚ್ ವನ. ಈ ಭೇದವನ್ನು ತೋರಿಸದ ನಕ್ಷೆಯನ್ನು ನಂಬಿ ಮನೆ ಕಟ್ಟಿದವನು ಅಪಾಯಕ್ಕೆ ಒಳಗಾಗುವನು.

ಕಳೆದ ಕೆಲವು ದಶಕಗಳಲ್ಲಿ ಆ ಪ್ರದೇಶದ ಹವೆಯು ಗಮನಾರ್ಹವಾಗಿ ಬೆಚ್ಚಗಾಗಿದೆ. ಲೇನಾ ನದಿಯ ಪೂರ್ವದ ಚುರಪ್ಚಾ ಎಂಬಲ್ಲಿ, ಹಿಂದೆ ವಿಮಾನಗಳು ಇಳಿಯುತ್ತಿದ್ದ ಸಮತಟ್ಟಾದ ಬಯಲು ಇಂದು ಗುಬ್ಬಗುಬ್ಬವಾಗಿ ಕುಸಿದಿದೆ. ಅದನ್ನು ಸೂಚಿಸಲು ಸಂಶೋಧಕರು ಹೊಸ ಪರಿಭಾಷೆಯನ್ನು ಕಲ್ಪಿಸಬೇಕಾಗಿಲ್ಲ; ಬಿಲ್ಲಾರ್ ಎಂದೇ ಬರೆಯುತ್ತಾರೆ.